ಕಾಯಿಲ್ ಬದಲಿಸಿದ ಮೇಲೆ ನಮ್ಮ ದಾಳಿಂಬೆ ಕೋಲ್ಡ್ ರೂಮ್

ವಿಜಯಪುರ ಜಿಲ್ಲೆಯ ಟಿಕೋಟಾ ಹತ್ತಿರ ನಮ್ಮ ತೋಟದಲ್ಲೇ 30 ಟನ್ ದಾಳಿಂಬೆ ಹಿಡಿಯುವ ಕೋಲ್ಡ್ ರೂಮ್ ಹಾಕಿಸಿ ಎರಡು ಸೀಸನ್ ಆಯ್ತು. ಮೊದಲ ಸೀಸನ್‌ನಲ್ಲಿ ಕೈ ಸುಟ್ಟುಕೊಂಡೆವು. ಈ ಸಲ ಚೆನ್ನಾಗಿ ಹೋಯ್ತು. ರೂಮ್ ಅದೇ, ಶಾಖ ಒಳಬರದಂತೆ ಫೋಮ್ ತುಂಬಿದ 100 ಎಂಎಂ ಪಫ್ ಪ್ಯಾನಲ್ ಗೋಡೆ ಅದೇ, ಕಂಪ್ರೆಸರ್ ಕೂಡ ಅದೇ. ಬದಲಿಸಿದ್ದು ಒಳಗಿನ ಕಾಯಿಲ್, ಅಂದರೆ ರೂಮಿನ ಗಾಳಿಯ ಶಾಖ ಎಳೆಯುವ ಪೈಪುಗಳ ಸುರುಳಿ, ಜೊತೆಗೆ ಅದಕ್ಕೆ ಗ್ಯಾಸ್ ಬಿಡುವ ವಾಲ್ವ್.

ಮೊದಲು ಕೆಲಸ ಮಾಡಿದವರ ಕೊಟೇಶನ್ ಎಲ್ಲರಿಗಿಂತ ಕಡಿಮೆ ಇತ್ತು. ನಾವೂ ಕಂಪ್ರೆಸರ್ ಎಷ್ಟು ಟನ್ (ಇದು ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಅಂತಷ್ಟೇ ಕೇಳಿದೆವು. ಮೀಟರ್ ಸರಿಯಾಗಿ 6 ಡಿಗ್ರಿ ತೋರಿಸುತ್ತಿತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಹಣ್ಣಿನ ಸಿಪ್ಪೆ ಬಿರುಸಾಗಿ, ಮೂಲೆಮೂಲೆ ಎದ್ದು ಚರ್ಮದ ಹಾಗೆ ಆಯ್ತು. ಒಡೆದು ನೋಡಿದರೆ ಕಾಳು ಕೆಂಪಗೆ ಚೆನ್ನಾಗೇ ಇದೆ, ಆದರೆ ಮಾರುಕಟ್ಟೆಯಲ್ಲಿ ಸಿಪ್ಪೆ ನೋಡಿಯೇ ರೇಟು ಕಟ್ಟುತ್ತಾರೆ, ಅಲ್ವಾ? 20 ಕೆಜಿ ಕ್ರೇಟ್ 40 ದಿನಕ್ಕೆ 18 ಕೆಜಿಗೆ ಇಳಿದಿತ್ತು. ಫೋನ್ ಮಾಡಿದರೆ "ಟೆಂಪರೇಚರ್ ಬರಾಕತ್ತೈತಲ್ರೀ, ಮತ್ತೇನು ಬೇಕು" ಅಂದರು.

ಹೊರಗೆ ಡ್ರೈನ್ ಪೈಪ್ ಕೆಳಗಿಟ್ಟ ಬಕೆಟ್ ದಿನಾ ತುಂಬುತ್ತಿತ್ತು. ಆ ನೀರು ನಮ್ಮ ಹಣ್ಣಿನ ತೂಕ ಅಂತ ಆಮೇಲೆ ಬಂದ ಮೆಕ್ಯಾನಿಕ್ ಹೇಳಿದಾಗಲೇ ಗೊತ್ತಾಗಿದ್ದು. ಕಾಯಿಲ್ ಚಿಕ್ಕದಿದ್ದರೆ ಅಷ್ಟೇ ಶಾಖ ಎಳೆಯಲು ಅದು ರೂಮಿಗಿಂತ ತುಂಬಾ ತಣ್ಣಗಾಗಬೇಕು. ಆಗ ಗಾಳಿಯ ತೇವವೆಲ್ಲ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ, ಒಣಗಿದ ಗಾಳಿ ಹಣ್ಣಿನಿಂದ ನೀರು ಹೀರುತ್ತದೆ. ದಾಳಿಂಬೆಗೆ 90ರಿಂದ 95 ಪರ್ಸೆಂಟ್ ತೇವ ಬೇಕು. ಅದಕ್ಕೆ ಕಾಯಿಲ್‌ಗೂ ರೂಮಿನ ಗಾಳಿಗೂ 4–5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹೆಚ್ಚು ತಣ್ಣಗೆ ಮಾಡಿದರೆ ಸರಿಹೋಗುತ್ತೆ ಅಂತ ಸುಮ್ನೆ ಮೀಟರ್ ಇಳಿಸಬೇಡಿ, 5ಕ್ಕಿಂತ ಕೆಳಗೆ ಬಹಳ ದಿನ ಇಟ್ಟರೆ ಸಿಪ್ಪೆ ಕಂದಾಗಿ ಚುಕ್ಕೆ ಬೀಳುತ್ತದೆ.

ದೊಡ್ಡ ಕಾಯಿಲ್ ಹಾಕಿಸಿದ ಮೇಲೆ ಅಷ್ಟೇ ದಿನಕ್ಕೆ ಕ್ರೇಟ್ 19 ಕೆಜಿ 300 ಗ್ರಾಂ ತೂಗಿತು. ಖರ್ಚು ಬಂತು, ಆದರೆ ಮೊದಲೇ ಹಾಕಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಕೊಟೇಶನ್ ತರಿಸುವವರು ಇನ್ನೊಂದು ಮಾತು ಕೇಳಲೇಬೇಕು: ಈ ಟನ್ ಎಷ್ಟು ಬಿಸಿಲಿಗೆ ಲೆಕ್ಕ ಹಾಕಿದ್ದು? 35 ಡಿಗ್ರಿಗೆ ಸರಿಹೋಗುವ ಮಷೀನ್ ನಮ್ಮ ವಿಜಯಪುರದ ಏಪ್ರಿಲ್–ಮೇ ಬಿಸಿಲಲ್ಲಿ ಏದುಸಿರು ಬಿಡುತ್ತದೆ. 45 ಡಿಗ್ರಿಗೆ ಎಷ್ಟು ಕೊಡುತ್ತೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಳಗಿನ ಶಾಖ ಹೊರಗೆ ಬಿಡುವ ಕಂಡೆನ್ಸರ್ ಗಾಳಿಯಿಂದ ತಣಿಯುವಂಥದ್ದೇ ಇರಲಿ. ನಮ್ಮ ಬೋರ್ ನೀರು ಗಡಸು, ನೀರಿನದ್ದು ಹಾಕಿಸಿದರೆ ಪೈಪ್ ಒಳಗೆ ಸುಣ್ಣ ಕಟ್ಟುತ್ತದೆ.

ಇನ್ನು ಮಷೀನ್ ಒಳಗೆ ಸುತ್ತಿ ತಂಪು ಮಾಡುವ ಗ್ಯಾಸ್ ವಿಷಯ. ನೂರಾರು ಟನ್ನಿನ ದೊಡ್ಡ ಸ್ಟೋರೇಜ್‌ಗೆ ಅಮೋನಿಯಾದಲ್ಲಿ ಕರೆಂಟ್ ಉಳಿಯುತ್ತದೆ, ಆದರೆ ತಿಳಿದ ಆಪರೇಟರ್ ಸದಾ ಇರಬೇಕು, ಲೀಕ್ ಆದರೆ ಹಣ್ಣೂ ಹೋಗುತ್ತದೆ, ಜನರಿಗೂ ಅಪಾಯ. ನಮ್ಮಂಥ ಸಣ್ಣ ರೂಮಿಗೆ ಬೇಡ. ನಮ್ಮದು 404ಎ, ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 3900 ಪಟ್ಟು ಜಾಸ್ತಿ ಭೂಮಿ ಬಿಸಿ ಮಾಡುವ ಗ್ಯಾಸ್. ಹೊಸದಾಗಿ ಹಾಕಿಸುವವರು ಬೇರೆ ಗ್ಯಾಸ್ ಕೇಳಿ ನೋಡಿ.

ಖಾಲಿ ಜಾಗ ಇದೆ ಅಂತ ಅದೇ ರೂಮಿನಲ್ಲಿ ಒಣದ್ರಾಕ್ಷಿ ಬಾಕ್ಸ್ ಇಡಲು ನಮ್ಮ ಕಾಕಾ ಕೇಳಿದ್ದರು. ಬೇಡ ಅಂದೆ. ದಾಳಿಂಬೆಗೆ ಬೇಕಾದ ತೇವದಲ್ಲಿ ಒಣದ್ರಾಕ್ಷಿ ಅಂಟಂಟಾಗಿ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಪಕ್ಕದಲ್ಲಿ ಬೇರೆ ರೂಮ್ ಕಟ್ಟಿಸುತ್ತಿದ್ದೇವೆ, ಈ ಸಲ ಕಾಯಿಲ್ ಲೆಕ್ಕ ಮೊದಲು.