ಅರ್ಥ ಹೇಳೋದಾ, ಸದ್ದು ಕಲಿಸೋದಾ, ಕಥೆ ಓದೋದಾ? ಬಾಗೇಪಲ್ಲಿ ಕಡೆಯ ಇಂಗ್ಲಿಷ್ ಕ್ಲಾಸು

ಆಂಧ್ರ ಗಡಿಯ ನಮ್ಮ ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಇಂಗ್ಲಿಷ್ ಹೆಸರಿಗೆ ಮಾತ್ರ ದ್ವಿತೀಯ ಭಾಷೆ. ಬಹಳಷ್ಟು ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅದರ ಮೇಲೆ. ಕೆಲವರ ಮನೆಯಲ್ಲಿ ಉರ್ದು. ಹಾಗಾಗಿ ಬೆಂಗಳೂರಿನ ತರಬೇತಿಯಲ್ಲಿ ಚೆಂದ ಕಂಡ ವಿಧಾನ ಇಲ್ಲಿಗೂ ಹಾಗೇ ಹೊಂದುತ್ತೆ ಅಂತ ನಂಬೋ ಹಾಗಿಲ್ಲ. ನಾನು ನಾಲ್ಕರಿಂದ ಏಳನೇ ತರಗತಿವರೆಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂದೊಂದು ವರ್ಷ ಒಂದೊಂದು ವಿಧಾನಕ್ಕೆ ಜಾಸ್ತಿ ಒತ್ತು ಕೊಟ್ಟು ನೋಡಿದ್ದೇನೆ. ಅಳೆಯೋಕೆ ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೆ. 40 ನಿಮಿಷದ ಪೀರಿಯಡ್‌ನಲ್ಲಿ ಬಾಯಿ ಬಿಟ್ಟಿದ್ದು ಮೇಷ್ಟ್ರಾ, ಮಕ್ಕಳಾ? ಪುಸ್ತಕ ಮುಚ್ಚಿಸಿ ಒಂದು ವಾರದ ಮೇಲೆ ಕೇಳಿದರೆ ಏನು ಉಳಿದಿದೆ?

ಮೊದಲು ಎಲ್ಲರಿಗೂ ಗೊತ್ತಿರೋ ದಾರಿ. ಪಾಠ ಓದೋದು, ಸಾಲು ಸಾಲಿಗೆ ಕನ್ನಡದಲ್ಲಿ ಅರ್ಥ ಹೇಳೋದು, ಪ್ರಶ್ನೋತ್ತರ ಬರೆಸೋದು. ಇದನ್ನು ಬೈಯೋದು ಸುಲಭ. ಆದರೆ ಸಿಲಬಸ್ ಮುಗಿಯುತ್ತೆ, ನೋಟ್ಸ್ ತುಂಬುತ್ತೆ, ಅಪ್ಪ ಅಮ್ಮನಿಗೂ ಸಮಾಧಾನ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯ 100 ಅಂಕದಲ್ಲಿ 80 ಬರವಣಿಗೆಗೇ ಹೋಗುತ್ತೆ ಅನ್ನೋದೂ ಸುಳ್ಳಲ್ಲ. ತೊಂದರೆ ಬೇರೆ ಕಡೆ ಇದೆ. ನಾನು ಕನ್ನಡದಲ್ಲಿ ಅರ್ಥ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಮೆಲ್ಲಗೆ ‘ಅಂಟೇ ಏಮಿ?’ (ಅಂದರೆ ಏನು?) ಅಂತ ತೆಲುಗಿನಲ್ಲಿ ಪಕ್ಕದವನನ್ನು ಕೇಳೋ ಸದ್ದು. ಅರ್ಥಕ್ಕೇ ಇನ್ನೊಂದು ಅರ್ಥ ಬೇಕು! ಪೀರಿಯಡ್ ಪೂರ್ತಿ ಮಾತಾಡಿದ್ದು ನಾನು. ಮಕ್ಕಳ ಬಾಯಿಂದ ಬಂದ ಇಂಗ್ಲಿಷ್ ಅಂದರೆ ‘ಎಸ್ ಸರ್’ ಅಷ್ಟೇ. ವಾರದ ಮೇಲೆ ಕೇಳಿದರೆ ಉತ್ತರ ಬಾಯಿಪಾಠ ಬರುತ್ತೆ, ಪ್ರಶ್ನೆಯ ಒಂದು ಪದ ಬದಲಾಯಿಸಿದರೆ ಎಲ್ಲಾ ನಿಂತುಹೋಗುತ್ತೆ.

ಓದೋದನ್ನೇ ಕಲಿಸುವ ವಿಷಯಕ್ಕೆ ಬಂದರೆ ಪೈಪೋಟಿ ಇರೋದು ಸ್ಪೆಲಿಂಗ್ ಕೂಗಿಸುವುದಕ್ಕೂ ಅಕ್ಷರದ ಸದ್ದು ಕಲಿಸುವುದಕ್ಕೂ, ಅಂದರೆ ಫೋನಿಕ್ಸ್‌ಗೂ. ‘ಸಿ ಎ ಟಿ ಕ್ಯಾಟ್’ ಅಂತ ವರ್ಷವಿಡೀ ಕೂಗಿದ ಮಗುವಿನ ಮುಂದೆ ಎಂ, ಎ, ಟಿ ಬರೆದು ನೋಡಿ. ‘ಎಂ... ಎ... ಟಿ...’ ಅಂದು ಬೋರ್ಡ್ ಬಿಟ್ಟು ನಿಮ್ಮ ಮುಖ ನೋಡುತ್ತೆ. ತಪ್ಪು ಮಗುವಿನದಲ್ಲ. ಆ ಮೂರು ಹೆಸರನ್ನು ಕೂಡಿಸಿದರೆ ‘ಎಮೇಟಿ’ ಆಗುತ್ತೆ, ‘ಮ್ಯಾಟ್’ ಎಲ್ಲಿಂದ ಬರಬೇಕು?

ಫೋನಿಕ್ಸ್‌ನಲ್ಲಿ ಅಕ್ಷರದ ಹೆಸರು ಆಮೇಲೆ, ಸದ್ದು ಮೊದಲು. ನಾನು ಬಳಸಿದ್ದು ಜಾಲಿ ಫೋನಿಕ್ಸ್ ಕ್ರಮ. 42 ಸದ್ದು, 7 ಗುಂಪು, ಪ್ರತಿ ಸದ್ದಿಗೂ ಒಂದು ಅಭಿನಯ. ಮೊದಲ ಗುಂಪು ಸ್, ಆ್ಯ, ಟ್, ಇ, ಪ್, ನ್. ಈ ಆರರಲ್ಲೇ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಟ್ ಎಲ್ಲಾ ಓದಬಹುದು. ಎ, ಬಿ, ಸಿ, ಡಿ ಅಂತ ಸಾಲಾಗಿ ಹೋದರೆ ಇಷ್ಟು ಬೇಗ ಇಷ್ಟು ಪದ ಸಿಗಲ್ಲ. ಅದರ ಅಭಿನಯದಲ್ಲಿ ‘ಟ್’ಗೆ ಟೆನಿಸ್ ನೋಡೋ ಹಾಗೆ ತಲೆ ಆಚೆ ಈಚೆ ತಿರುಗಿಸಬೇಕು. ನಮ್ಮ ಮಕ್ಕಳಿಗೆ ಟೆನಿಸ್ ಎಲ್ಲಿ? ವಾಲಿಬಾಲ್ ಅಂದೆ, ತಕ್ಷಣ ಕತ್ತು ತಿರುಗಿತು.

ಇಲ್ಲಿ ಮೇಷ್ಟ್ರು ಎಚ್ಚರವಾಗಿರಬೇಕಾದ ಜಾಗ ಒಂದಿದೆ. ನಮ್ಮ ಬಾಯಿಗೆ ‘ಮ್’ ಬರಲ್ಲ, ‘ಮ’ ಬರುತ್ತೆ. ‘ಮ, ಆ್ಯ, ಟ’ ಅಂದರೆ ಮಕ್ಕಳು ಜೋಡಿಸಿ ‘ಮಾಟ’ ಅಂತಾರೆ, ಕ್ಲಾಸೆಲ್ಲಾ ನಗು. ಇದಕ್ಕೆ ಮದ್ದು ಕಾಗುಣಿತದಲ್ಲೇ ಇದೆ. ‘ಮ್’ಗೆ ‘ಆ’ ಸೇರಿದರೆ ‘ಮಾ’ ಅಂತ ಅವರಿಗೆ ಮೊದಲೇ ಗೊತ್ತು. ಅದನ್ನೇ ಬೋರ್ಡ್ ಮೇಲೆ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಬರೆದರೆ ಸಾಕು, ಜೋಡಣೆ ಕೂತುಬಿಡುತ್ತೆ. ಕನ್ನಡ ಚೆನ್ನಾಗಿ ಓದೋ ಮಗು ಫೋನಿಕ್ಸ್ ಬೇಗ ಹಿಡಿಯುತ್ತೆ. ಕನ್ನಡವೇ ತಡವರಿಸುವ ಮಗುವಿಗೆ ಮೊದಲು ಕನ್ನಡ ಸರಿ ಮಾಡಿ, ಇಂಗ್ಲಿಷ್ ಸ್ವಲ್ಪ ಕಾಯಲಿ. ಈ ಮಾತು ಹೇಳಿದರೆ ಕಾನ್ವೆಂಟ್ ವ್ಯಾನ್ ನೋಡಿಕೊಂಡು ಬಂದ ಪೋಷಕರಿಗೆ ಕೋಪ ಬರುತ್ತೆ, ಬರಲಿ.

ಫೋನಿಕ್ಸ್ ಒಂದರಿಂದಲೇ ಊರು ಸೇರಲ್ಲ. ‘ಒನ್’, ‘ಸೆಡ್’, ‘ವಾಸ್’, ‘ದಿ’ ಇಂಥವು ಸದ್ದಿಗೆ ಬಗ್ಗಲ್ಲ, ನೋಡಿ ನೋಡಿಯೇ ಗುರುತು ಹಿಡಿಯಬೇಕು. ಅಮೆರಿಕದ ಎಡ್ವರ್ಡ್ ಡಾಲ್ಚ್ 1930ರ ದಶಕದಲ್ಲಿ ಮಕ್ಕಳ ಪುಸ್ತಕಗಳಲ್ಲಿ ಪದೇ ಪದೇ ಬರುವ 220 ಪದಗಳ ಪಟ್ಟಿ ಮಾಡಿದ್ದರು. ಅದನ್ನು ಹಳೇ ಮದುವೆ ಕಾರ್ಡುಗಳ ಹಿಂಬದಿ ಸ್ಕೆಚ್ ಪೆನ್ನಲ್ಲಿ ಬರೆದಿಟ್ಟಿದ್ದೇನೆ. ಅಂಗಡಿಯ ಫ್ಲ್ಯಾಶ್ ಕಾರ್ಡ್‌ಗಿಂತ ದಪ್ಪ, ಖರ್ಚಿಲ್ಲ, ಮದುವೆ ಸೀಸನ್ ಮುಗಿದ ಮೇಲೆ ಮಕ್ಕಳೇ ತಂದುಕೊಡ್ತಾರೆ.

ಇನ್ನು ಆಜ್ಞೆ ಮಾಡಿ ಕುಣಿಸುವ ವಿಧಾನ. ಟಿಪಿಆರ್ ಅಂತಾರೆ, ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ್ದು. ಮೇಷ್ಟ್ರು ಇಂಗ್ಲಿಷಲ್ಲಿ ಹೇಳಬೇಕು, ಮಕ್ಕಳು ಮಾಡಿ ತೋರಿಸಬೇಕು. ಡಸ್ಟರನ್ನು ಕುರ್ಚಿ ಕೆಳಗೆ ಇಡು, ಮೇಲೆ ಇಡು, ಹಿಂದೆ ಇಡು. ಅರ್ಥ ಹೇಳಲೇಬೇಕಾಗಿಲ್ಲ, ತೆಲುಗು ಕನ್ನಡ ಅನ್ನೋ ತಕರಾರೇ ಇಲ್ಲ. ಇನ್, ಆನ್, ಅಂಡರ್ ಕಲಿಸೋಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಆದರೆ ‘ನಿನ್ನೆ ಏನು ಮಾಡಿದೆ’ ಅನ್ನೋದಕ್ಕೆ ಇದು ಉಪಯೋಗಕ್ಕೆ ಬರಲ್ಲ. ಏಳನೇ ತರಗತಿ ಹುಡುಗರಿಗೆ ಕುಣಿಯೋಕೆ ನಾಚಿಕೆ. ಮಾತಾಡೋದು ಮತ್ತೆ ನಾನೇ. ಅದಕ್ಕೆ ಕುರ್ಚಿ ಬದಲಾಯಿಸಿದೆ. ಆಜ್ಞೆ ಅವರದು, ಮಾಡೋನು ನಾನು. ಮೇಷ್ಟ್ರನ್ನು ಗೋಡೆ ಮುಟ್ಟಿಸೋಕೆ ಎಷ್ಟು ಇಂಗ್ಲಿಷ್ ಬೇಕಾದರೂ ಹೊರಗೆ ಬರುತ್ತೆ!

ಚಿಕ್ಕ ತರಗತಿಗಳ ನಲಿ-ಕಲಿ, ಅಂದರೆ ಕಾರ್ಡು ಹಿಡಿದು ಮಕ್ಕಳು ತಾವೇ ಕಲಿಯುವ ಪದ್ಧತಿಯ ಬಗ್ಗೆ ಜಾಸ್ತಿ ಹೇಳಲ್ಲ, ಅದು ನನ್ನ ತರಗತಿ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಗೆ ಪ್ರೇರಣೆ ಸಿಕ್ಕಿದ್ದು ಋಷಿವ್ಯಾಲಿ ಶಾಲೆಯಲ್ಲಿ. ಅದು ಮದನಪಲ್ಲಿ ಹತ್ತಿರ, ಅಂದರೆ ನಮ್ಮ ಗಡಿಯಾಚೆಗೇ. ಕಲಿಕೆಯ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಕೊಂಡು ಮಗು ತನ್ನ ವೇಗದಲ್ಲಿ ಹೋಗೋದು ನಿಜಕ್ಕೂ ಒಳ್ಳೇದು. ಒಬ್ಬರೇ ಟೀಚರ್ ಕನ್ನಡ, ಗಣಿತ, ಇಂಗ್ಲಿಷ್ ಎಲ್ಲಾ ಗುಂಪುಗಳನ್ನೂ ನೋಡಬೇಕಾದಾಗ ಇಂಗ್ಲಿಷ್ ಕೊನೆಗೆ ಉಳಿಯೋದೂ ಅಷ್ಟೇ ನಿಜ.

ನನ್ನ ಮಟ್ಟಿಗೆ ಗೆದ್ದಿದ್ದು ಕಥೆ ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ಶುರು ಮಾಡಿತು. ಉಚಿತ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಕಥೆಗಳಿಗೆ ಒಂದರಿಂದ ನಾಲ್ಕರವರೆಗೆ ಹಂತ ಇದೆ. ನಮಗೆ ಇದರಲ್ಲಿ ಸಿಗೋ ದೊಡ್ಡ ಲಾಭ ಅಂದರೆ ಎಷ್ಟೋ ಕಥೆಗಳು ಇಂಗ್ಲಿಷ್, ಕನ್ನಡ, ತೆಲುಗು ಮೂರರಲ್ಲೂ ಇವೆ. ಮೊದಲ ದಿನ ತೆಲುಗು ಬಲ್ಲ ಮಗು ಅದನ್ನು ತೆಲುಗಿನಲ್ಲಿ ಎಲ್ಲರಿಗೂ ಹೇಳಲಿ. ಮರುದಿನ ನಾನು ಇಂಗ್ಲಿಷಲ್ಲಿ ಚಿತ್ರ ತೋರಿಸಿ ಓದುತ್ತೇನೆ, ಅರ್ಥ ಹೇಳಲ್ಲ. ಮೂರನೇ ದಿನ ಓದುತ್ತಾ ಸಾಲಿನ ಕೊನೆ ಪದ ಬಿಟ್ಟುಬಿಡುತ್ತೇನೆ, ಅವರು ತುಂಬುತ್ತಾರೆ. ವಾರದ ಕೊನೆಗೆ ಪಾತ್ರ ಹಂಚಿಕೊಂಡು ಆಡುತ್ತಾರೆ. ಪಾಠದಲ್ಲಿ ಒಂದು ಸಾಲೂ ಆಡದ ಹುಡುಗಿ ಇಲ್ಲಿ ಆನೆಯಾಗಿ ‘ಐ ಆಮ್ ಹಂಗ್ರಿ’ ಅಂತ ಕೂಗಿದ್ದನ್ನು ನೋಡಿದ್ದೇನೆ. ನನ್ನ ಎರಡೂ ಪ್ರಶ್ನೆಯಲ್ಲಿ ಪಾಸಾದ ವಿಧಾನ ಇದೊಂದೇ. ನಷ್ಟ ಏನಂದರೆ ಸಮಯ ತಿನ್ನುತ್ತೆ, ಪಠ್ಯದ ಎರಡು ಮೂರು ಪಾಠವನ್ನು ಹಳೇ ದಾರಿಯಲ್ಲಿ ಓಡಿಸಬೇಕಾಗುತ್ತೆ. ಸದ್ದು ಗೊತ್ತಿಲ್ಲದ ಮಗು ಕೇಳಿ ಆಡುತ್ತೆ, ತಾನಾಗಿ ಓದಲ್ಲ. ಹಾಗಾಗಿ ನಾಲ್ಕನೇ ತರಗತಿಯ ಮೊದಲ ತಿಂಗಳುಗಳು ಫೋನಿಕ್ಸ್‌ಗೇ ಹೋಗಲಿ.

ಟಿವಿ, ವಿಡಿಯೋ? ರೈಮ್ಸ್ ಬಾಯಿಗೆ ಬರುತ್ತೆ, ಮಾತಿಗೆ ಬರಲ್ಲ. ಕರೆಂಟ್ ಇದ್ದಾಗ ನಾನು ಸೌಂಡ್ ಬಂದ್ ಮಾಡಿ ಹಾಕುತ್ತೇನೆ, ತೆರೆ ಮೇಲೆ ಏನು ನಡೀತಿದೆ ಅಂತ ಮಕ್ಕಳೇ ಇಂಗ್ಲಿಷಲ್ಲಿ ಹೇಳಬೇಕು. ಸುಮ್ನೆ ನೋಡೋದಕ್ಕಿಂತ ಎಷ್ಟೋ ವಾಸಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಯಾರಾದರೂ ದಾನಿಗಳು ಬಂದು ಇಂಗ್ಲಿಷ್‌ಗೆ ಏನು ಕೊಡಿಸೋಣ ಅಂದರೆ ಎರಡನೇ ಟಿವಿ ಕೇಳಬೇಡಿ. ಒಂದನೇ, ಎರಡನೇ ಹಂತದ ಕಥೆಗಳ ಕಲರ್ ಪ್ರಿಂಟ್ ಕೇಳಿ, ಪ್ರತಿ ಕಥೆಗೆ ಐದಾರು ಪ್ರತಿ, ಲ್ಯಾಮಿನೇಷನ್ ಸಮೇತ. ಕಪ್ಪು ಬಿಳುಪು ಜೆರಾಕ್ಸ್‌ನಲ್ಲಿ ಚಿತ್ರ ಮಸಿ ಹಿಡಿದ ಹಾಗಾಗುತ್ತೆ, ಚಿತ್ರ ಕಾಣದಿದ್ದರೆ ಮತ್ತೆ ಅರ್ಥ ಹೇಳೋಕೆ ಕೂರಬೇಕಾಗುತ್ತೆ.