ಮೆಕ್ಕೆಜೋಳದ ವಹಿವಾಟಿಗೆ ಯಾವ ಡ್ಯಾಶ್‌ಬೋರ್ಡ್? ಎಕ್ಸೆಲ್, ಪವರ್ ಬಿಐ, ಲುಕರ್ ಸ್ಟುಡಿಯೊ: ಬಳಸಿ ನೋಡಿದ ಹೋಲಿಕೆ

ದಾವಣಗೆರೆಯಲ್ಲಿ ಮೆಕ್ಕೆಜೋಳದ ಸಗಟು ವ್ಯಾಪಾರ ನಡೆಸುವ ಒಂದು ಅಂಗಡಿಯ ಲೆಕ್ಕಪತ್ರ ನನ್ನ ಕೈಯಲ್ಲಿದೆ. ರೈತರಿಂದಲೂ ಹಳ್ಳಿಯ ಸಣ್ಣ ಖರೀದಿದಾರರಿಂದಲೂ ಕಾಳು ಕೊಂಡು, ಒಣಗಿಸಿ, ಗೋದಾಮಿನಲ್ಲಿಟ್ಟು, ಕೋಳಿ ಆಹಾರದ ಮತ್ತು ಸ್ಟಾರ್ಚ್‌ನ ಕಾರ್ಖಾನೆಗಳಿಗೆ ಲೋಡು ಕಳಿಸುವುದು ಅಂಗಡಿಯ ಕೆಲಸ. ಬಿಲ್ಲು, ಬಾಕಿ, ಬ್ಯಾಂಕು ಎಲ್ಲವೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿವೆ. ತೂಕದ ಚೀಟಿ, ತೇವಾಂಶದ ಅಳತೆ ಮತ್ತು ದಾಸ್ತಾನು ಬೇರೆ ಬೇರೆ ಹಾಳೆಗಳಲ್ಲಿವೆ. ಯಜಮಾನರು ಕೇಳುವುದು ಮೂರೇ ಮಾತು: ಯಾರಿಂದ ಎಷ್ಟು ಬರಬೇಕು ಮತ್ತು ಅದು ಎಷ್ಟು ಹಳೆಯ ಬಾಕಿ, ಒಂದು ಲೋಡಿನಲ್ಲಿ ಎಲ್ಲ ಕಳೆದು ಉಳಿದದ್ದೆಷ್ಟು, ಗೋದಾಮಿನಲ್ಲಿರುವುದನ್ನು ಈಗ ಮಾರಬೇಕೋ, ತಡೆಯಬೇಕೋ. ಇಂಥ ಉತ್ತರಗಳನ್ನು ಒಂದೇ ಪರದೆಯಲ್ಲಿ ಚಾರ್ಟು, ಅಂಕಿಗಳಾಗಿ ತೋರಿಸುವುದೇ ಡ್ಯಾಶ್‌ಬೋರ್ಡ್. ಒಂದೇ ಸುಗ್ಗಿಯ ಅಂಕಿಗಳನ್ನು ಎಕ್ಸೆಲ್, ಮೈಕ್ರೋಸಾಫ್ಟ್‌ನ ಪವರ್ ಬಿಐ ಮತ್ತು ಗೂಗಲ್‌ನ ಲುಕರ್ ಸ್ಟುಡಿಯೊ ಈ ಮೂರಕ್ಕೂ ಹಾಕಿ, ಈ ಮೂರು ಪ್ರಶ್ನೆಗಳಿಗೆ ಯಾವುದು ಹೇಗೆ ಉತ್ತರಿಸುತ್ತದೆ ಎಂದು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ತಂತ್ರಾಂಶವಾದ ಟ್ಯಾಬ್ಲೋ ಕೂಡ ಪಟ್ಟಿಯಲ್ಲಿತ್ತು, ಆದರೆ ಅದರ ವಿಷಯ ಬೇಗ ಮುಗಿಯುತ್ತದೆ.

ಹಳೆಯ ಬಾಕಿಯ ಪ್ರಶ್ನೆ ಮೇಲ್ನೋಟಕ್ಕೆ ಅತಿ ಸುಲಭ. ಬಿಲ್ಲುವಾರು ಬಾಕಿ ಮತ್ತು ಅದರ ವಯಸ್ಸನ್ನು ಟ್ಯಾಲಿಯೇ ತೋರಿಸುತ್ತದೆ. ಟ್ಯಾಲಿ ಪ್ರೈಮ್‌ನಲ್ಲಿ ಈಗ ಅದರದೇ ಡ್ಯಾಶ್‌ಬೋರ್ಡ್ ಕೂಡ ಇದೆ. ಬರೀ ಬಾಕಿಯಷ್ಟೇ ಬೇಕಿದ್ದವರು ಮುಂದೆ ಓದುವ ಅಗತ್ಯವಿಲ್ಲ. ನಮಗೆ ಅದು ಸಾಲದಾದ ಕಾರಣವೆಂದರೆ, ಕಾರ್ಖಾನೆಯವರು ತಡೆಹಿಡಿದ ಹಣದಲ್ಲಿ ಒಂದು ಪಾಲು ನಿಜವಾದ ಬಾಕಿ, ಇನ್ನೊಂದು ಪಾಲು ತೇವಾಂಶ ಮತ್ತು ತೂಕದ ತಕರಾರಿನಿಂದ ನಿಂತದ್ದು. ಮೊದಲನೆಯದಕ್ಕೆ ಫೋನು ಮಾಡಿದರೆ ಸಾಕು, ಎರಡನೆಯದಕ್ಕೆ ಚೀಟಿ ಹಿಡಿದುಕೊಂಡು ಹೋಗಬೇಕು. ಇವೆರಡನ್ನು ಬೇರೆ ಮಾಡಲು ಟ್ಯಾಲಿಯ ಬಿಲ್ಲನ್ನು ಲಾರಿ ತೂಗುವ ವೇಬ್ರಿಡ್ಜಿನ ಚೀಟಿಗೆ ಜೋಡಿಸಬೇಕಾಗುತ್ತದೆ, ಮತ್ತು ಉಪಕರಣಗಳ ನಡುವಿನ ವ್ಯತ್ಯಾಸ ಕಾಣಿಸಿಕೊಂಡದ್ದು ಈ ಜೋಡಣೆಯಲ್ಲಿಯೇ ಹೊರತು ಚಾರ್ಟುಗಳ ಅಂದದಲ್ಲಿ ಅಲ್ಲ.

ಎಕ್ಸೆಲ್‌ನಲ್ಲಿ ಈ ಕೆಲಸಕ್ಕೆ, ಹಾಳೆಗಳನ್ನು ಹಸನು ಮಾಡಿ ಜೋಡಿಸುವ ಪವರ್ ಕ್ವೆರಿ ಇದೆ. 2016ರ ಆವೃತ್ತಿಯಿಂದ ಅದು ಎಕ್ಸೆಲ್‌ನ ಒಳಗೇ ಇದ್ದರೂ ನಮ್ಮ ಪೇಟೆಯ ಅನೇಕ ಗುಮಾಸ್ತರು ಇನ್ನೂ ಬೇರೆ ಹಾಳೆಯಿಂದ ಅಂಕಿ ಹುಡುಕಿ ತರುವ ವಿ-ಲುಕಪ್ ಸೂತ್ರ ಹಾಕಿಯೇ ದಿನ ದೂಡುತ್ತಾರೆ. ಟ್ಯಾಲಿಯಿಂದ ಎಕ್ಸ್‌ಪೋರ್ಟ್ ಮಾಡಿದ ಹಾಳೆಯನ್ನು ಒಂದು ಫೋಲ್ಡರಿಗೆ ಹಾಕಿ ರಿಫ್ರೆಶ್ ಒತ್ತಿದರೆ, ಮೇಲಿನ ಬೇಡದ ಸಾಲುಗಳನ್ನು ತೆಗೆಯುವುದು, ದಿನಾಂಕವನ್ನು ಸರಿಪಡಿಸುವುದು, ಚೀಟಿಯ ಹಾಳೆಯೊಂದಿಗೆ ಸೇರಿಸುವುದು, ಇವೆಲ್ಲ ತಾವೇ ನಡೆಯುತ್ತವೆ. ಪವರ್ ಬಿಐ ಡೆಸ್ಕ್‌ಟಾಪಿನಲ್ಲಿರುವುದೂ ಇದೇ ಪವರ್ ಕ್ವೆರಿ. ಹಾಗಾಗಿ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಹಾಗೆಯೇ ಕೆಲಸಕ್ಕೆ ಬರುತ್ತದೆ. ಲುಕರ್ ಸ್ಟುಡಿಯೊದಲ್ಲಿ ಇದಕ್ಕೆ ಸಾಟಿಯಾದದ್ದು ಇಲ್ಲ. ಅಲ್ಲಿ ಬ್ಲೆಂಡ್ ಎಂಬ ಸೌಲಭ್ಯದಿಂದ ಐದು ಕೋಷ್ಟಕಗಳವರೆಗೆ ಜೋಡಿಸಬಹುದಾದರೂ ಅಂಕಿಗಳನ್ನು ಮೊದಲೇ ಗೂಗಲ್ ಶೀಟಿನಲ್ಲಿ ಹಸನು ಮಾಡಿ ಇಟ್ಟಿರಬೇಕು.

ಒಂದು ಲಾರಿಯಲ್ಲಿ ಹಲವು ರೈತರ ಕಾಳು ಇರುತ್ತದೆ. ಒಬ್ಬ ರೈತನ ಕಾಳು ಎರಡು ಲಾರಿಗಳಿಗೆ ಹಂಚಿ ಹೋಗುವುದೂ ಉಂಟು. ಲಾರಿ ನಂಬರನ್ನೇ ನಂಬಿ ಜೋಡಿಸಿದರೆ ಒಂದೇ ಖರೀದಿ ಎರಡು ಕಡೆ ಎಣಿಕೆಯಾಗಿ ಒಟ್ಟು ಮೊತ್ತ ಉಬ್ಬುತ್ತದೆ. ಬ್ಲೆಂಡ್ ಇಂಥ ಕಡೆ ಸದ್ದಿಲ್ಲದೆ ಸಾಲುಗಳನ್ನು ಹೆಚ್ಚಿಸಿಬಿಡುತ್ತದೆ. ಪವರ್ ಬಿಐ ಆದರೋ ಕೋಷ್ಟಕಗಳ ಸಂಬಂಧವನ್ನು ಗೆರೆ ಎಳೆದು ತೋರಿಸಿ, ಎರಡೂ ಕಡೆ ಪುನರಾವರ್ತನೆ ಇದ್ದರೆ ಎಚ್ಚರಿಸುತ್ತದೆ. ಪರಿಹಾರ ಉಪಕರಣದಲ್ಲಿರಲಿಲ್ಲ, ಪ್ರತಿ ಖರೀದಿಗೂ ಒಂದು ಲಾಟ್ ಸಂಖ್ಯೆ ಕೊಟ್ಟು, ಅದನ್ನು ಚೀಟಿಯಲ್ಲೂ ಟ್ಯಾಲಿಯ ವಿವರಣೆಯಲ್ಲೂ ಬರೆಸುವುದರಲ್ಲಿತ್ತು. ಆದರೆ ಆ ಅಗತ್ಯವನ್ನು ಮೊದಲು ಎತ್ತಿ ತೋರಿಸಿದ್ದು ಪವರ್ ಬಿಐ, ಆ ಮಟ್ಟಿಗೆ ಅದಕ್ಕೆ ಹೆಚ್ಚು ಅಂಕ.

ಲೋಡಿನ ಲಾಭದ ಪ್ರಶ್ನೆಯಲ್ಲಿ ತೇವಾಂಶವೇ ಮುಖ್ಯ ಪಾತ್ರ. ಶೇ 17ರ ತೇವಾಂಶವಿರುವ 200 ಕ್ವಿಂಟಲ್ ಕಾಳನ್ನು ಶೇ 14ಕ್ಕೆ ಒಣಗಿಸಿದರೆ ಎಷ್ಟು ತೂಕ ಇಳಿಯುತ್ತದೆ? ಮೂರು ಶೇಕಡ ಅಂದರೆ ಆರು ಕ್ವಿಂಟಲ್ ಎಂದು ಬಾಯಿಲೆಕ್ಕದಲ್ಲಿ ಹೇಳಿಬಿಡುವುದು ವಾಡಿಕೆ. ನಿಜದಲ್ಲಿ ಬದಲಾಗದೆ ಉಳಿಯುವುದು ಒಣ ಪದಾರ್ಥ ಮಾತ್ರ: 200 ಕ್ವಿಂಟಲಿನಲ್ಲಿ ಅದು 166 ಕ್ವಿಂಟಲ್, ಒಣಗಿದ ಮೇಲೆ ಅದು ಒಟ್ಟು ತೂಕದ ಶೇ 86 ಆಗಬೇಕಾದ್ದರಿಂದ ಉಳಿಯುವ ತೂಕ ಸುಮಾರು 193 ಕ್ವಿಂಟಲ್. ಇಳಿದದ್ದು ಆರಲ್ಲ, ಏಳು. 2025–26ರ ಮುಂಗಾರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ದರ ಹಿಡಿದರೂ ಒಂದೊಂದು ಲೋಡಿನಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಹಣ ಬಾಯಿಲೆಕ್ಕದಲ್ಲಿ ಕಣ್ಮರೆಯಾಗುತ್ತದೆ. ಈ ಸೂತ್ರವನ್ನು ಮೂರೂ ಕಡೆ ಬರೆಯಬಹುದು ಮತ್ತು ಬರೆದ ಮೇಲೆ ಮೂರೂ ಒಂದೇ ಉತ್ತರ ಕೊಡುತ್ತವೆ.

ವ್ಯತ್ಯಾಸ ಬರುವುದು ಸರಾಸರಿಯಲ್ಲಿ. ಒಂದು ಟ್ರ್ಯಾಕ್ಟರಿನಲ್ಲಿ ಶೇ 20ರ ತೇವಾಂಶದ 10 ಕ್ವಿಂಟಲ್, ಒಂದು ಲಾರಿಯಲ್ಲಿ ಶೇ 14ರ 200 ಕ್ವಿಂಟಲ್ ಬಂದರೆ ಎಕ್ಸೆಲ್‌ನ ಪಿವೊಟ್ (ಸಾಲುಗಳನ್ನು ಗುಂಪು ಮಾಡಿ ಸಾರಾಂಶ ಕೊಡುವ ಕೋಷ್ಟಕ) ಸರಾಸರಿ ಶೇ 17 ಎಂದು ಹೇಳುತ್ತದೆ. ತೂಕಕ್ಕೆ ತಕ್ಕಂತೆ ಹಿಡಿದರೆ ಅದು ಶೇ 14.3 ಮಾತ್ರ. ಶೇ 17 ಎಂಬ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಕಂಡ ಯಜಮಾನರು ಖರೀದಿ ದರವನ್ನು ಇಳಿಸಿ ಎಂದು ಹೇಳಿದರೆ, ಮರುದಿನವೇ ಒಳ್ಳೆಯ ಕಾಳು ಪಕ್ಕದ ಅಂಗಡಿಗೆ ಹೋಗುತ್ತದೆ. ಪಿವೊಟ್‌ನಲ್ಲಿ ಇದನ್ನು ಸರಿಪಡಿಸಲು ತೂಕ ಗುಣಿಸು ತೇವಾಂಶ ಎಂಬ ಹೆಚ್ಚುವರಿ ಕಾಲಮ್ ಬೇಕು. ಲುಕರ್ ಸ್ಟುಡಿಯೊದಲ್ಲಿ ಎರಡು ಮೊತ್ತಗಳ ಭಾಗಾಕಾರವನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಈ ಒಂದು ಕಡೆ ಅದು ಎಕ್ಸೆಲ್‌ಗಿಂತ ಸಲೀಸು. ಪವರ್ ಬಿಐಯಲ್ಲಿ ಡ್ಯಾಕ್ಸ್ ಎಂಬ ಸೂತ್ರಭಾಷೆಯಲ್ಲಿ ಒಮ್ಮೆ ಮೆಷರ್ (ಲೆಕ್ಕದ ಸೂತ್ರ) ಬರೆದಿಟ್ಟರೆ ಹಳ್ಳಿವಾರು, ವಾರವಾರು, ದಲ್ಲಾಳಿವಾರು ಹೇಗೆ ಕತ್ತರಿಸಿ ನೋಡಿದರೂ ಅದು ತಾನಾಗಿಯೇ ತೂಕಕ್ಕೆ ತಕ್ಕ ಸರಾಸರಿ ಕೊಡುತ್ತದೆ. ಡ್ಯಾಕ್ಸ್ ಕಲಿಯುವುದು ಹಗುರವಲ್ಲ, ನಿಜ. ಅದೇ ಭಾಷೆ ಎಕ್ಸೆಲ್‌ನ ಪವರ್ ಪಿವೊಟ್‌ನಲ್ಲೂ ನಡೆಯುವುದರಿಂದ ಕಲಿತ ಶ್ರಮ ವ್ಯರ್ಥವಾಗುವುದಿಲ್ಲ.

ಪವರ್ ಬಿಐಯ ಚಾರ್ಟುಗಳ ಪಟ್ಟಿಯಲ್ಲಿ ಸ್ಪೀಡೋಮೀಟರಿನಂಥ ಗೇಜ್ ಇದೆ, ನೋಡಿದವರೆಲ್ಲ ಮೊದಲು ಅದನ್ನೇ ಹಾಕಿಸಿಕೊಳ್ಳುತ್ತಾರೆ. ಉದ್ದ ಮತ್ತು ಸ್ಥಾನವನ್ನು ಜನ ಕೋನ ಮತ್ತು ವಿಸ್ತೀರ್ಣಕ್ಕಿಂತ ಸರಿಯಾಗಿ ಅಂದಾಜಿಸುತ್ತಾರೆ ಎಂಬುದನ್ನು ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದಾರೆ. ನಮ್ಮ ಅಂಗಡಿಯಲ್ಲೂ ಗೇಜ್ ತೆಗೆದು, ಗಿರಾಕಿಗಳ ಬಾಕಿಯನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಡ್ಡ ಪಟ್ಟಿಗಳಾಗಿ ಹಾಕಿದ ಮೇಲೆಯೇ ಯಜಮಾನರು ವಿವರಣೆ ಕೇಳದೆ ಓದತೊಡಗಿದರು.

ಅಂಕಿಗಳ ಉಡುಪಿನ ವಿಷಯ ಸಣ್ಣದೆನಿಸಿದರೂ ಪೇಟೆಯಲ್ಲಿ ಸಣ್ಣದಲ್ಲ. ಲುಕರ್ ಸ್ಟುಡಿಯೊದಲ್ಲಿ ಅಂಕಿಯನ್ನು ಚಿಕ್ಕದಾಗಿಸಿದರೆ ಅದು ಸಾವಿರ ಮತ್ತು ಮಿಲಿಯನ್ ಲೆಕ್ಕದಲ್ಲಿ ತೋರಿಸುತ್ತದೆ. ಪವರ್ ಬಿಐ ಕೂಡ ತನ್ನಷ್ಟಕ್ಕೆ ಬಿಟ್ಟರೆ ಹಾಗೆಯೇ ಮಾಡುತ್ತದೆ. ಒಂದೂವರೆ ಮಿಲಿಯನ್ ಎಂದರೆ ಹದಿನೈದು ಲಕ್ಷ ಎಂದು ಮನಸ್ಸಿನಲ್ಲಿ ತಿರುಗಿಸಿಕೊಳ್ಳುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಎರಡೂ ಕಡೆ ಮೊತ್ತವನ್ನು ಲಕ್ಷದಿಂದ ಭಾಗಿಸಿ, ಶೀರ್ಷಿಕೆಯಲ್ಲಿ ‘ಲಕ್ಷ ರೂ.’ ಎಂದು ಬರೆದು ಮುಗಿಸಿದೆ. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಭಾರತಕ್ಕೆ ಇದ್ದರೆ ಎಕ್ಸೆಲ್ ತಾನಾಗಿಯೇ ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದ ವರ್ಷದ ವಿಷಯದಲ್ಲಿ ಪವರ್ ಬಿಐ ಮುಂದು: ವರ್ಷಾಂತ್ಯ ಮಾರ್ಚ್ 31 ಎಂದು ಸೂತ್ರದಲ್ಲಿಯೇ ಹೇಳಬಹುದು. ಎಕ್ಸೆಲ್‌ನ ಪಿವೊಟ್ ದಿನಾಂಕಗಳನ್ನು ಗುಂಪು ಮಾಡುವಾಗ ಜನವರಿಯಿಂದಲೇ ತ್ರೈಮಾಸಿಕ ಎಣಿಸುತ್ತದೆ, ಅದಕ್ಕೊಂದು ಸಹಾಯಕ ಕಾಲಮ್ ಬೇಕಾಗುತ್ತದೆ.

ಕನ್ನಡ ಅಕ್ಷರಗಳು ಯೂನಿಕೋಡ್‌ನಲ್ಲಿದ್ದರೆ ಮೂರರಲ್ಲೂ ಸರಿಯಾಗಿ ಮೂಡುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿಟ್ಟ ರೈತರ ಹೆಸರುಗಳು ಮಾತ್ರ ಆ ಫಾಂಟ್ ಇಲ್ಲದ ಕಡೆ ಓದಲಾಗದ ಗೀಚುಗಳಾಗಿ ಕಾಣುತ್ತವೆ, ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಟ್ಯಾಬ್ಲೋ ವಿಚಾರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿ, 2019ರಲ್ಲಿ ಸೇಲ್ಸ್‌ಫೋರ್ಸ್ ಪಾಲಾದ ಈ ತಂತ್ರಾಂಶ ಎಳೆಯುವ ಚಿತ್ರಗಳು ಎಲ್ಲಕ್ಕಿಂತ ಸೊಗಸು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಣ ಕೊಡದೆ ಸಿಗುವ ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಪ್ರಕಟಿಸಿದ್ದು ಊರಿಗೆಲ್ಲ ಕಾಣುವಂಥದ್ದು. ಗಿರಾಕಿಗಳ ಹೆಸರು, ದರ, ಬಾಕಿಯನ್ನು ಅಲ್ಲಿಗೆ ಹಾಕುವ ಪ್ರಶ್ನೆಯೇ ಇಲ್ಲ. ಕೃಷಿ ಮಾರುಕಟ್ಟೆಗಳ ದರ ಕೊಡುವ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಪ್ರಕಟವಾಗುವ ಕನಿಷ್ಠ, ಗರಿಷ್ಠ ಮತ್ತು ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರಗಳು ಹೇಗಿದ್ದರೂ ಸಾರ್ವಜನಿಕವಾದ್ದರಿಂದ, ಅವುಗಳ ಚಿತ್ರವನ್ನು ಮಾತ್ರ ಅಲ್ಲಿ ಮಾಡಿ ನೋಡಿ ಬಿಟ್ಟೆ.

ಮಾರುವುದೋ ತಡೆಯುವುದೋ ಎಂಬ ಮೂರನೆಯ ಪ್ರಶ್ನೆಗೆ ಬಂದರೆ ನನ್ನ ಮೆಚ್ಚುಗೆ ಎಕ್ಸೆಲ್‌ಗೇ. ಕ್ವಿಂಟಲಿಗೆ 2,200 ರೂಪಾಯಿಯಂತೆ ಕೊಂಡ ಕಾಳಿಗೆ ವರ್ಷಕ್ಕೆ ಶೇ 12ರ ಬಡ್ಡಿ ಹಿಡಿದರೆ ತಿಂಗಳಿಗೆ 22 ರೂಪಾಯಿ ಬಡ್ಡಿಯೇ ಆಗುತ್ತದೆ. ಅದರ ಮೇಲೆ ಗೋದಾಮಿನ ಬಾಡಿಗೆ, ಹಮಾಲಿ, ಹುಳುವಿನ ಔಷಧಿ, ತೂಕದ ಸವಕಳಿ. ಇವೆಲ್ಲ ಕೂಡಿ ತಿಂಗಳು ತಿಂಗಳಿಗೆ ಏರುವ ಅಸಲು ದರವನ್ನು ಒಂದು ಗೆರೆಯಾಗಿ, ಪೇಟೆಯ ಮಾದರಿ ದರವನ್ನು ಇನ್ನೊಂದು ಗೆರೆಯಾಗಿ ಎಳೆದರೆ, ತಡೆದು ಮಾರಿದ್ದರಿಂದ ಲಾಭವಾಗುತ್ತಿದೆಯೋ ಬರೀ ಸಮಾಧಾನವೋ ಎಂಬುದು ಕಣ್ಣಿಗೆ ಕಾಣುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆವಕ ಹೆಚ್ಚಿರುವಾಗ ಬಿದ್ದ ದರ ಮುಂದೆ ಏರಿತೆಂದು ಹಿಗ್ಗುವವರು ಈ ಮೊದಲ ಗೆರೆಯನ್ನು ಮರೆತಿರುತ್ತಾರೆ. ಪವರ್ ಬಿಐಯಲ್ಲಿ ಬಡ್ಡಿ ದರವನ್ನು ಸ್ಲೈಡರ್‌ನಿಂದ ಹಿಂದೆ ಮುಂದೆ ಸರಿಸುವ ಪ್ಯಾರಾಮೀಟರ್ ಇದೆ, ಲುಕರ್ ಸ್ಟುಡಿಯೊದಲ್ಲೂ ಪ್ಯಾರಾಮೀಟರ್ ಇದೆ. ಆದರೆ ಯಜಮಾನರು ಪಕ್ಕದಲ್ಲಿ ಕುಳಿತು ‘ಬಾಡಿಗೆ ಬೇಡ, ಅದು ನಮ್ಮದೇ ಗೋದಾಮು, ಅರ್ಧ ಮಾಲು ಈಗ ಕೊಟ್ಟರೆ ಏನಾಗುತ್ತದೆ?’ ಎಂದು ಕೇಳಿದಾಗ, ಮೊದಲೇ ಊಹಿಸಿ ಸ್ಲೈಡರ್ ಮಾಡಿಡದ ಪ್ರಶ್ನೆಗೆ ಅಲ್ಲೇ ಒಂದು ಕೋಶ ತಿದ್ದಿ ಉತ್ತರ ಕೊಡುವ ಅನುಕೂಲ ಎಕ್ಸೆಲ್‌ನಲ್ಲಿದ್ದಷ್ಟು ಬೇರೆಡೆ ಇಲ್ಲ.

ಇನ್ನು ಖರ್ಚು ಮತ್ತು ಹಂಚಿಕೆ. ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ವರದಿಯನ್ನು ಖಾಸಗಿಯಾಗಿ ಹಂಚಿಕೊಳ್ಳಬೇಕೆಂದರೆ ಮಾಡಿದವರಿಗೂ ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು. ಅದರ ಪಟ್ಟಿ ದರ 2025ರ ಏಪ್ರಿಲ್‌ನಿಂದ ಒಬ್ಬರಿಗೆ ತಿಂಗಳಿಗೆ 10 ಡಾಲರ್‌ನಿಂದ 14 ಡಾಲರ್‌ಗೆ ಏರಿದೆ. ಯಜಮಾನರು, ಅವರ ಮಗ ಮತ್ತು ನಾನು ಮೂವರಿಗೆ ತಿಂಗಳಿಗೆ 42 ಡಾಲರ್. ಜಿಮೇಲ್ ವಿಳಾಸದಿಂದ ಅದಕ್ಕೆ ನೋಂದಾಯಿಸಿಕೊಳ್ಳಲಾಗುವುದಿಲ್ಲ, ಸಂಸ್ಥೆಯ ಇಮೇಲ್ ಬೇಕು. ಸಣ್ಣ ಅಂಗಡಿಗಳು ಮೊದಲು ಎಡವುವುದು ಇಲ್ಲಿಯೇ. ‘ಪಬ್ಲಿಶ್ ಟು ವೆಬ್’ ಎಂಬ ಉಚಿತ ದಾರಿ ಕಂಡು ಯಾರೂ ಅತ್ತ ಹೋಗಬಾರದು, ಆ ಕೊಂಡಿ ಸಿಕ್ಕವರೆಲ್ಲ ನೋಡಬಲ್ಲರು. ಪ್ರೊ ಲೈಸೆನ್ಸಿನಲ್ಲಿ ದಿನಕ್ಕೆ ಎಂಟು ಬಾರಿ ತಾನಾಗಿ ರಿಫ್ರೆಶ್ ಆಗುವಂತೆ ಇಡಬಹುದಾದರೂ ಅಂಕಿಗಳು ಅಂಗಡಿಯ ಕಂಪ್ಯೂಟರಿನಲ್ಲಿದ್ದರೆ ಅವನ್ನು ಅಲ್ಲಿಂದ ಸಾಗಿಸುವ ಗೇಟ್‌ವೇ ತಂತ್ರಾಂಶ ಹಾಕಿ ಆ ಕಂಪ್ಯೂಟರನ್ನು ಚಾಲೂ ಇಟ್ಟಿರಬೇಕು. ಕರೆಂಟು ಹೋದರೆ ರಿಫ್ರೆಶ್ ಕೂಡ ಹೋಯಿತು.

2016ರಲ್ಲಿ ಡೇಟಾ ಸ್ಟುಡಿಯೊ ಎಂದು ಬಂದು 2022ರಲ್ಲಿ ಹೆಸರು ಬದಲಿಸಿಕೊಂಡ ಲುಕರ್ ಸ್ಟುಡಿಯೊಗೆ ಈ ತಾಪತ್ರಯಗಳಿಲ್ಲ. ಜಿಮೇಲ್ ಸಾಕು, ಖರ್ಚಿಲ್ಲ, ಫೋನಿನಲ್ಲಿ ಕೊಂಡಿ ಒತ್ತಿದರೆ ತೆರೆಯುತ್ತದೆ. ಪುಟವನ್ನು ಫೋನಿನ ಅಗಲಕ್ಕೆ ತಕ್ಕಂತೆ ಕಿರಿದಾಗಿ ಮಾಡಿ ನಾಲ್ಕೇ ಅಂಕಿ ಇಟ್ಟಿದ್ದೇನೆ: ಇಂದಿನ ಖರೀದಿ, ಇಂದು ಕಳಿಸಿದ ಲೋಡು, ದಾಸ್ತಾನು, 45 ದಿನ ದಾಟಿದ ಬಾಕಿ. ಯಜಮಾನರು ದಿನವೂ ತೆರೆಯುವುದು ಇದೊಂದನ್ನೇ. ಗೂಗಲ್ ಶೀಟಿನ ಬದಲಾವಣೆ ಹದಿನೈದು ನಿಮಿಷದೊಳಗೆ ಇಲ್ಲಿ ಕಾಣಿಸುತ್ತದೆ. ಹಂಚುವಾಗ ‘ಕೊಂಡಿ ಇರುವ ಯಾರಾದರೂ’ ಎಂಬ ಆಯ್ಕೆಯನ್ನು ಬಿಟ್ಟು ಹೆಸರು ಹೆಸರಾಗಿ ಕೊಡುವುದೊಂದು ಎಚ್ಚರಿಕೆ.

ಹೀಗಾಗಿ ನಮ್ಮಲ್ಲಿ ಈಗ ಮೂರೂ ಇವೆ, ಮೂರಕ್ಕೂ ಬೇರೆ ಬೇರೆ ಕೆಲಸ: ದಿನದ ನೋಟಕ್ಕೆ ಲುಕರ್ ಸ್ಟುಡಿಯೊ, ಲೋಡುವಾರು ಲಾಭ ಮತ್ತು ತಕರಾರಿನ ಬಾಕಿಗೆ ನನ್ನ ಕಂಪ್ಯೂಟರಿನ ಪವರ್ ಬಿಐ ಡೆಸ್ಕ್‌ಟಾಪ್, ಮಾರಾಟದ ನಿರ್ಧಾರಕ್ಕೆ ಎದುರು ಕುಳಿತು ತಿದ್ದುವ ಎಕ್ಸೆಲ್. ಒಂದನ್ನೇ ಆರಿಸಿ ಎಂದರೆ ಪವರ್ ಕ್ವೆರಿ ಸಹಿತ ಎಕ್ಸೆಲ್ ಎನ್ನುತ್ತೇನೆ. ಪ್ರೊ ಲೈಸೆನ್ಸ್ ಕೊಳ್ಳೋಣವೆಂದು ಯಜಮಾನರ ಮಗ ಹೇಳುತ್ತಿದ್ದಾರೆ. ಹರಿಹರದ ಕಡೆಯ ಗೋದಾಮಿನ ತೂಕದ ಚೀಟಿ ಈಗಲೂ ಮರುದಿನ ಸಂಜೆ ಕಾಗದದಲ್ಲಿಯೇ ಬರುತ್ತದೆ. ದಿನಕ್ಕೆ ಎಂಟು ಸಲ ರಿಫ್ರೆಶ್ ಮಾಡಿದರೂ ಅಲ್ಲಿ ಕಾಣುವುದು ನಿನ್ನೆಯ ದಾಸ್ತಾನೇ. ಆ ಚೀಟಿಯನ್ನು ಅಲ್ಲಿನ ಗುಮಾಸ್ತರು ಅಂದಂದೇ ಶೀಟಿಗೆ ಏರಿಸುವ ವ್ಯವಸ್ಥೆಯಾಗಲಿ, ಆಮೇಲೆ ಲೈಸೆನ್ಸಿನ ಮಾತು ಎಂದು ತಿಳಿಸಿದ್ದೇನೆ.