ಕಾಲಾಡಿಸದೆ ಗೇರ್ ಬದಲಿಸುವ ಹಳೆಯ ಶಿಮಾನೊ

ಶಿಕಾಗೋದಲ್ಲಿ ಓಡಾಡಲು ಕೆಲವು ವರ್ಷಗಳಿಂದ ನನ್ನ ಬಳಿ ಇರುವುದು ಹಳೆಯ ಶ್ವಿನ್ ವರ್ಲ್ಡ್ ಟೂರಿಸ್ಟ್ ಸೈಕಲ್. 1970ರ ದಶಕದ ಕೊನೆಯದು. ಸೈಕಲ್ ಅಮೆರಿಕದ ಕಂಪನಿಯದು, ಗೇರ್ ಜಪಾನಿನ ಶಿಮಾನೊ. ಇಷ್ಟು ಜಾಣ ಗೇರನ್ನು ನಾನು ಬೇರೆಲ್ಲೂ ಬಳಸಿಲ್ಲ.

ಬೇರೆ ಹೆಚ್ಚಿನ ಗೇರ್ ಸೈಕಲ್‌ಗಳಲ್ಲಿ ಕಾಲು ನಿಂತರೆ ಚೈನೂ ನಿಲ್ಲುತ್ತದೆ, ಆಮೇಲೆ ಗೇರ್ ಬದಲಾಗುವುದಿಲ್ಲ. ಎಫ್‌ಎಫ್‌ಎಸ್ (ಫ್ರಂಟ್ ಫ್ರೀವೀಲ್ ಸಿಸ್ಟಮ್) ಎನ್ನುವ ಈ ಏರ್ಪಾಡಿನಲ್ಲಿ ಫ್ರೀವೀಲ್, ಅಂದರೆ ಕಾಲು ನಿಂತರೂ ಚಕ್ರ ತಿರುಗಲು ಬಿಡುವ ಭಾಗ, ಮುಂದೆ, ಪೆಡಲ್ ಹತ್ತಿರ ಇದೆ. ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟರೂ ಚಕ್ರ ತಿರುಗುವ ತನಕ ಚೈನ್ ಓಡುತ್ತಿರುತ್ತದೆ. ಸಿಗ್ನಲ್ ಕೆಂಪಾದರೆ ಬ್ರೇಕ್ ಹಿಡಿಯುತ್ತಲೇ ಹಗುರ ಗೇರ್‌ಗೆ ಇಳಿಸಿಕೊಳ್ಳಬಹುದು. ಇಷ್ಟು ಸಮತಟ್ಟಾದ ಊರಲ್ಲಿ ಗೇರ್ ಜಾಸ್ತಿ ಬೇಕಾಗುವುದೇ ನಿಂತು ಹೊರಡುವಾಗ, ಅಲ್ವಾ?

ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೆಸರು ಪಾಸಿಟ್ರಾನ್. ಒಂದೊಂದು ಗೇರ್‌ಗೂ ಒಂದು 'ಟಕ್'. ಶಿಮಾನೊ 1984ರಲ್ಲಿ ತನ್ನ ರೇಸ್ ಸೈಕಲ್ ಬಿಡಿಭಾಗಗಳಾದ ಡ್ಯುರಾ-ಏಸ್ ಜೊತೆ ತಂದ ಗೇರ್ ಏರ್ಪಾಡು ಎಸ್‌ಐಎಸ್‌ನಲ್ಲಿ ಆ ಟಕ್ ಇರುವುದು ಲಿವರ್‌ನಲ್ಲಿ. ಪಾಸಿಟ್ರಾನ್‌ನಲ್ಲಿ ಅದು ಡಿರೇಲರ್ ಒಳಗೇ ಇದೆ. ಹಾಗಾಗಿ ತಂತಿ ಒಂಚೂರು ಸಡಿಲವಾದರೂ ಗೇರ್ ತನ್ನ ಜಾಗ ಬಿಡುವುದಿಲ್ಲ. ಡಿರೇಲರನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಇಲ್ಲ. ಒಂದೇ ಗಟ್ಟಿ ತಂತಿ ಎಳೆಯುತ್ತದೆ, ತಳ್ಳುತ್ತದೆ. ಇದನ್ನು ಮಾಡಿದ್ದು ರೇಸ್‌ನವರಿಗಲ್ಲ, ಗೇರ್ ಅಂದರೆ ಹೆದರುವ ಸಾಮಾನ್ಯ ಸವಾರರಿಗೆ. ಆ ಕಾಳಜಿ ನನಗೆ ತುಂಬಾ ಇಷ್ಟ.

ತೊಂದರೆಗಳೂ ಇವೆ. ತೂಕ ಜಾಸ್ತಿ. ಆ ತಂತಿ ಮಡಚಿಕೊಂಡರೆ ಮಾಮೂಲಿ ಗೇರ್ ಕೇಬಲ್ ಹಾಕಿ ಪ್ರಯೋಜನವಿಲ್ಲ, ಅದಕ್ಕೆ ತಳ್ಳಲು ಬರುವುದಿಲ್ಲ. ಹೊಸ ಬಿಡಿಭಾಗ ಅಂಗಡಿಯಲ್ಲಿ ಕೇಳುವ ಹಾಗೇ ಇಲ್ಲ, ಇನ್ನೊಂದು ಹಳೆಯ ಸೈಕಲ್‌ನಿಂದ ಬಿಚ್ಚಿಕೊಳ್ಳಬೇಕು. ಚೈನ್ ಸದಾ ಓಡುವುದರಿಂದ ಪ್ಯಾಂಟಿನ ತುದಿ, ದುಪಟ್ಟಾ ಬಗ್ಗೆ ಎಚ್ಚರ ಬೇಕು. ಚೈನಿಗೆ ಏನಾದರೂ ಸಿಕ್ಕಿದರೆ ಜಾರಲಿ ಅಂತ ಹಿಂದೆಯೂ ಒಂದು ಬಿಗಿಯಾದ ಫ್ರೀವೀಲ್ ಇಟ್ಟಿದ್ದಾರೆ. ಆದರೂ ನಾನು ಚೈನ್ ಗಾರ್ಡ್ ತೆಗೆಯುವುದಿಲ್ಲ.

ಕೊಳ್ಳುವವರು ಹಿಂದಿನ ಚಕ್ರ ಎತ್ತಿ, ಮುಂದಕ್ಕೆ ತಿರುಗಿಸಿ ನೋಡಿ. ಪೆಡಲ್ ನಿಂತಿದ್ದು ಚೈನ್ ಮಾತ್ರ ಓಡಬೇಕು. ಪೆಡಲೂ ಜೊತೆಗೆ ತಿರುಗಿದರೆ ಮುಂದಿನ ಫ್ರೀವೀಲ್ ಒಳಗೆ ಗ್ರೀಸ್ ಗಟ್ಟಿಯಾಗಿರಬಹುದು. ಅದನ್ನು ತೊಳೆದು ಹೊಸ ಎಣ್ಣೆ ಬಿಟ್ಟು ನೋಡಬಹುದು. ತಂತಿ ಮಡಚಿರುವ ಸೈಕಲ್ ಮಾತ್ರ ಬೇಡ.